ಜೊತೆಗಣ್ಣಿನವರ ಮುಖಪರೀಕ್ಷೆ

ಇಪ್ಪತ್ತೆರಡು ವರ್ಷ ನಾನು ಅಕ್ಷರ ನೋಡಿ ಹೊಟ್ಟೆ ಹೊರೆದವಳು. ಓದಿ ಅಲ್ಲ, ಬರೀ ನೋಡಿ. ಬೇರೆ ಊರಿನವರಿಗೆ ಇದನ್ನು ಹೇಳಿದರೆ ಇವಳಿಗೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ ಬಿಡಿ. ನಮ್ಮೂರಿನಲ್ಲಿ ಒಬ್ಬರೇ ನೋಡಿದರೆ ಯಾವ ಅಕ್ಷರವೂ ಕಾಣುವುದಿಲ್ಲ. ಹಾಳೆ ಬಿಳಿ, ಗೋಡೆ ಬರೀ ಗೋಡೆ. ಇನ್ನೊಬ್ಬರು ಪಕ್ಕಕ್ಕೆ ಬಂದು ಅದೇ ಜಾಗಕ್ಕೆ ಕಣ್ಣು ಹಾಕಿದರೆ ಅಕ್ಷರಗಳು ಮೂಡುತ್ತವೆ, ಅವರು ಆಕಡೆ ತಿರುಗಿದರೆ ಹೋಗುತ್ತವೆ. ಬಸ್ ನಿಲ್ದಾಣದಲ್ಲಿ ಒಂಟಿಯಾಗಿ ನಿಂತವರು ಗುರುತಿಲ್ಲದವರ ಮೊಣಕೈ ಮುಟ್ಟಿ, “ಆ ಬೋರ್ಡ್ ಕಡೆ ಸ್ವಲ್ಪ ನೋಡ್ತೀರಾ?” ಅನ್ನುವುದು ನಮ್ಮಲ್ಲಿ ಮಾಮೂಲು. ಗಂಡಹೆಂಡಿರು ಜಗಳವಾಡಿದ ಮನೆಯಲ್ಲಿ ದಿನಪತ್ರಿಕೆ ಮೂರು ದಿನ ಮಡಿಸಿದ ಹಾಗೇ ಬಿದ್ದಿರುತ್ತದೆ.

ಓದು ಬಲ್ಲವರು ಇಬ್ಬಿಬ್ಬರು ಜೊತೆಯಾಗಿ ಕೂತರೆ ಮುಗಿಯಿತಲ್ಲ ಎಂದು ನೀವು ಕೇಳಬಹುದು. ಕೂರುವುದಿಲ್ಲ. ವಕೀಲರಿಗೆ ತಮ್ಮ ಕಡತ ಇನ್ನೊಬ್ಬ ವಕೀಲ ನೋಡಬಾರದು, ಡಾಕ್ಟರಿಗೆ ತಮ್ಮ ಚೀಟಿ ಇನ್ನೊಬ್ಬ ಡಾಕ್ಟರು ನೋಡಬಾರದು. ಕಾದಂಬರಿ ಓದುವವರಿಗೂ ತಾವು ಯಾವ ಪುಟದಲ್ಲಿ ಕಣ್ಣೀರು ಹಾಕಿದೆವು ಎಂದು ನೆರೆಯವರಿಗೆ ಗೊತ್ತಾಗಬಾರದು. ಅದಕ್ಕೇ ಅವರಿಗೆ ನಮ್ಮಂಥವರು ಬೇಕು. ನಾವು ಜೊತೆಗಣ್ಣಿನವರು. ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ಹಾಳೆಯ ಮೇಲೆ ಕಣ್ಣಿಟ್ಟು, ಅವರು ಪುಟ ತಿರುಗಿಸುವವರೆಗೂ ಅಲ್ಲಾಡದೆ ಇರುವುದು ನಮ್ಮ ಕಸುಬು. ಅದಕ್ಕೆ ಬೇಕಾದ ಯೋಗ್ಯತೆ ಒಂದೇ, ಓದು ಬರಬಾರದು. ಊರಿನಲ್ಲಿ ನಾವು ನಲವತ್ತೊಂದು ಜನ ಇದ್ದೆವು, ನಲವತ್ತೊಂದು ಜನರ ಎದೆಯ ಮೇಲೂ ಹಿತ್ತಾಳೆಯ ಬಿಲ್ಲೆ.

ಆ ಬಿಲ್ಲೆ ಸುಮ್ಮನೆ ಸಿಗುತ್ತಿರಲಿಲ್ಲ. ವರ್ಷಕ್ಕೊಮ್ಮೆ ಪುರಸಭೆಯ ದೊಡ್ಡ ಹಾಲಿನಲ್ಲಿ ಮುಖಪರೀಕ್ಷೆ. ಓದುವವರೂ ಅವರ ಜೊತೆಗಣ್ಣೂ ಅಕ್ಕಪಕ್ಕ ಕೂರಬೇಕು. ಪರೀಕ್ಷಾಧಿಕಾರಿ ಚಿದಂಬರಯ್ಯನವರು ಎದುರಿಗೆ ಒಂದು ಹಾಳೆ ಹಿಡಿಯುತ್ತಾರೆ. ಅದರಲ್ಲಿ ನಗು ಬರುವಂಥದ್ದೋ ಬೆಚ್ಚಿಬೀಳುವಂಥದ್ದೋ ಒಂದು ಸಾಲು ಇರುತ್ತದೆ. ಅದನ್ನೆಲ್ಲ ಅವರೇ ಬರೆಯುವುದು, ಅದರ ಬಗ್ಗೆ ಅವರಿಗೆ ಭಾರಿ ಹೆಮ್ಮೆ. ಜೊತೆಗಣ್ಣಿನ ಮುಖದಲ್ಲಿ ಒಂದು ಗೆರೆ ಅಲುಗಿದರೂ ಬಿಲ್ಲೆ ಕಿತ್ತುಕೊಳ್ಳುತ್ತಿದ್ದರು. ಆಮೇಲೆ ಓದುವವರು ಆ ಸಾಲನ್ನು ಗಟ್ಟಿಯಾಗಿ ಓದಿ ತೋರಿಸಬೇಕು. ಓದದಿದ್ದರೆ ಓದುಗರ ಪಟ್ಟಿಯಿಂದ ಅವರ ಹೆಸರು ಹೋಗುತ್ತದೆ, ಪಟ್ಟಿಯಲ್ಲಿಲ್ಲದವರು ಜೊತೆಗಣ್ಣು ಇಟ್ಟುಕೊಳ್ಳುವ ಹಾಗಿಲ್ಲ. ನಾನು ಇಪ್ಪತ್ತೊಂದು ಸಲ ಈ ಪರೀಕ್ಷೆ ಪಾಸಾಗಿದ್ದೆ. ಏನೂ ಬರುವುದಿಲ್ಲ ಎಂದು ಸಾಬೀತು ಮಾಡಿ ಅಷ್ಟು ಸಲ ಪಾಸಾದವಳು ನಾನೊಬ್ಬಳೇ ಇರಬೇಕು.

ನಾನು ಕೆಲಸಕ್ಕಿದ್ದದ್ದು ವನಮಾಲಮ್ಮನವರ ಮನೆಯಲ್ಲಿ. ಮೂವತ್ತು ವರ್ಷ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು, ಒಂಟಿ ಜೀವ, ದಿನಕ್ಕೆ ಐದು ಗಂಟೆ ಕಾದಂಬರಿ ಓದುವವರು. ಊರಿನ ಅರ್ಧ ಜನಕ್ಕೆ ಅವರೇ ಅಕ್ಷರ ಕಲಿಸಿದ್ದು. ನನಗೆ ಮಾತ್ರ ಕಲಿಸಲಿಲ್ಲ, ಕಲಿಸಿದರೆ ನಾನು ಕೆಲಸಕ್ಕೆ ಬಾರದವಳಾಗುತ್ತಿದ್ದೆನಲ್ಲ. ಅವರು ಓದುತ್ತಾ ಕಿಸಕ್ಕನೆ ನಗುತ್ತಿದ್ದರು, ಕೆಲವು ಸಲ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. “ಏನಾಯ್ತಮ್ಮಾ?” ಎಂದರೆ, “ನಿಂಗೆ ತಿಳಿಯಲ್ಲ ದ್ಯಾವಮ್ಮ, ಸುಮ್ನೆ ನೋಡು” ಅನ್ನುತ್ತಿದ್ದರು. ಅದೇ ಹಾಳೆ ನನ್ನ ಮೂಗಿನ ತುದಿಯಲ್ಲೇ ಇರುತ್ತಿತ್ತು. ನನಗೆ ಎಷ್ಟು ಸಿಟ್ಟು ಬರುತ್ತಿತ್ತು ಎಂದು ಹೇಳಲಾರೆ. ಊಟದ ಮುಂದೆ ಕೂರಿಸಿ ಬಾಯಿ ಹೊಲಿದ ಹಾಗಿತ್ತು.

ಒಂದು ದಿನ ಅವರು ನನ್ನನ್ನು ಪುಸ್ತಕ ತರಲು ದಸ್ತಗೀರ್ ಸಾಹೇಬರ ಅಂಗಡಿಗೆ ಕಳಿಸಿದರು. ಮೊದಲು ಬೈಂಡಿಂಗ್ ಕೆಲಸ ಮಾಡುತ್ತಿದ್ದ ಮನುಷ್ಯ ಅವರು. ಅಂಗಡಿಯಲ್ಲಿ ಒಬ್ಬರೇ ಇದ್ದಾಗ ಅವರ ಎರಡು ಸಾವಿರ ಪುಸ್ತಕವೂ ಬಿಳೀ ಹಾಳೆಯೇ, ಹಾಗಾಗಿ ಅವರು ಪುಸ್ತಕಗಳನ್ನು ತೂಕದಿಂದ, ವಾಸನೆಯಿಂದ, ಬೆನ್ನಿನ ದಾರದಿಂದ ಗುರುತು ಹಿಡಿಯುತ್ತಿದ್ದರು. ನಾನು ಕೇಳಿದ್ದನ್ನು ಕತ್ತೆತ್ತದೆ ಎಳೆದು ಕೊಟ್ಟರು. ಕೊಟ್ಟು, “ಅರ್ಧ ಗಂಟೆ ಬೆಂಚಿನ ಮೇಲೆ ಕೂತು ಹೋಗ್ಬೇಕಮ್ಮ” ಅಂದರು.

ಅದು ಅವರ ಅಂಗಡಿಯ ನಿಯಮ. ಯಾರೇ ಪುಸ್ತಕ ಕೊಂಡರೂ ಬಾಗಿಲ ಮುಂದಿನ ಉದ್ದನೆ ಬೆಂಚಿನ ಮೇಲೆ ಅರ್ಧ ಗಂಟೆ ಕೂತು, ಓದು ಬಾರದವರ ಜೊತೆ ಒಂದು ಪುಟ ಗಟ್ಟಿಯಾಗಿ, ಬೆರಳಿಟ್ಟು ಓದಬೇಕು. ಅದಕ್ಕೆ ಅವರು ಅರ್ಧ ಗಂಟೆ ದಾನ ಅನ್ನುತ್ತಿದ್ದರು. ದಾನ ಮಾಡದವರಿಗೆ ಪುಸ್ತಕ ಕೊಡುತ್ತಿರಲಿಲ್ಲ. ತಹಸೀಲ್ದಾರರ ಹೆಂಡತಿ ಬಂದು ಗಲಾಟೆ ಮಾಡಿ, ಕೊನೆಗೆ ಹಮಾಲಿಯೊಬ್ಬನ ಪಕ್ಕ ಕೂತು ಕಾಗುಣಿತ ಹೇಳಿಕೊಟ್ಟಿದ್ದನ್ನು ಊರೇ ನೋಡಿತ್ತು. ಮಾರನೆಯ ವಾರ ಆಕೆ ತಾನಾಗೇ ಬಂದರಂತೆ, ಪುಸ್ತಕ ಬೇಕಿಲ್ಲ, ಆ ಹಮಾಲಿ ‘ಠ’ ಕಲಿತನೋ ಇಲ್ಲವೋ ನೋಡಬೇಕು ಎಂದು.

“ನಾನು ಜೊತೆಗಣ್ಣು ಸಾಹೇಬ್ರೆ, ಓದೋಳಲ್ಲ” ಎಂದು ಬಿಲ್ಲೆ ತೋರಿಸಿದೆ.

“ಹಂಗಾದ್ರೆ ದಾನ ಕೊಡೋ ಕಡೆ ಬೇಡ, ತಗೊಳ್ಳೋ ಕಡೆ ಕೂತ್ಕೊಳ್ಳಿ” ಅಂದರು.

“ಬಿಲ್ಲೆ ಹೋದ್ರೆ ನೀವು ಅನ್ನ ಹಾಕ್ತೀರಾ?”

“ಹಾಕೋಷ್ಟು ಶಕ್ತಿ ಇಲ್ಲಮ್ಮ. ಆದ್ರೆ ಒಂದು ಮಾತು ಕೇಳ್ತೀನಿ. ಇಷ್ಟು ವರ್ಷ ನೋಡಿದ್ದೀರಲ್ಲ, ಅದ್ರಲ್ಲಿ ಏನಿತ್ತು ಅಂತ ಒಂದು ದಿನಾನೂ ಅನ್ನಿಸ್ಲಿಲ್ವಾ?”

ಆ ಪ್ರಶ್ನೆಗೆ ನನ್ನ ಕಣ್ಣಲ್ಲಿ ನೀರು ಬಂತು. ಸಿಟ್ಟಿನಿಂದ ಬಂತು ಎಂದು ಆಗ ಅಂದುಕೊಂಡೆ. ಬೆಂಚಿನ ಆ ತುದಿಯಲ್ಲಿ ಯಾರೋ ಮುಖ ಮುಚ್ಚಿಕೊಂಡು ಕೂತಿದ್ದರು. ನೋಡಿದರೆ ವಕೀಲರ ಮನೆಯ ಪುಟ್ಟಗೌರಿ! ನಮ್ಮೆಲ್ಲರಿಗಿಂತ ಹಿರಿಯ ಜೊತೆಗಣ್ಣು, ನಮಗೆಲ್ಲ ಶಿಸ್ತು ಹೇಳಿಕೊಡುವವಳು. ಸೆರಗಿನ ಕೆಳಗೆ ಅವಳ ಕೈಯಲ್ಲಿ ಸ್ಲೇಟು. “ಬಾಯಿ ಬಿಟ್ರೆ ನೋಡು” ಎಂದು ಹಲ್ಲು ಕಚ್ಚಿ ಹೇಳಿದಳು. ನಾನು ಅವಳ ಪಕ್ಕ ಹೋಗಿ ಕೂತೆ.

ಆಮೇಲೆ ಒಂದು ವರ್ಷ ಮಧ್ಯಾಹ್ನ ಮಧ್ಯಾಹ್ನ, ಓದುವವರೆಲ್ಲ ಉಂಡು ಮಲಗುವ ಹೊತ್ತಿಗೆ, ನಾವು ಬೆಂಚಿಗೆ ಬರುತ್ತಿದ್ದೆವು. ಮೊದಲು ಆರು ಜನ, ಆಮೇಲೆ ಹದಿನೈದು, ಕೊನೆಗೆ ನಲವತ್ತೊಂದು ಜನವೂ ಬಂದು ಬೆಂಚು ಸಾಲದೆ ಸಾಹೇಬರು ಒಳಗೆ ಚಾಪೆ ಹಾಕಿಸಿದರು. ಕಲಿಸಿದವರು ಯಾರು ಯಾರೋ. ಬಸ್ಸಿಗೆ ಕಾಯುತ್ತಿದ್ದ ನರ್ಸು, ಅಡುಗೆ ಪುಸ್ತಕ ಕೊಳ್ಳಲು ಬಂದ ಮದುಮಗ, ಸಿಡುಕುತ್ತಲೇ ಬಂದು ಎರಡು ಗಂಟೆ ಕೂತುಬಿಡುತ್ತಿದ್ದ ರಿಟೈರ್ಡ್ ಪೋಸ್ಟ್‌ಮ್ಯಾನ್. ನನಗೆ ಅಕ್ಷರ ಬೇಗ ಬಂತು. ಇಪ್ಪತ್ತೆರಡು ವರ್ಷ ನೋಡಿದ ಮುಖಗಳಿಗೆ ಹೆಸರು ಗೊತ್ತಾದ ಹಾಗಾಯಿತು, ಅಷ್ಟೇ. ನಮ್ಮಲ್ಲೇ ಒಬ್ಬನಾದ ಚಿಕ್ಕಣ್ಣನಿಗೆ ಮಾತ್ರ ಏನು ಮಾಡಿದರೂ ಬರುತ್ತಿರಲಿಲ್ಲ. ವರ್ಷ ಕಳೆಯುವ ಹೊತ್ತಿಗೆ ಅವನಿಗೆ ಗಟ್ಟಿಯಾಗಿದ್ದದ್ದು ಆರೇ ಅಕ್ಷರ.

ಕಲಿತದ್ದನ್ನು ಮುಚ್ಚಿಡುವುದು ಕಲಿಯುವುದಕ್ಕಿಂತ ಕಷ್ಟವಾಗಿತ್ತು. ಅದಕ್ಕೂ ಸಾಹೇಬರ ಅಂಗಡಿಯಲ್ಲೇ ತಾಲೀಮು. ಪೋಸ್ಟ್‌ಮ್ಯಾನು ಸ್ಲೇಟಿನ ಮೇಲೆ ಏನಾದರೂ ತಮಾಷೆ ಬರೆದು ಹಿಡಿಯುವುದು, ನಾವು ಗೋಡೆಯ ಹಾಗೆ ಮುಖ ಮಾಡಿಕೊಂಡು ಕೂರುವುದು. “ಮೂಗಿನ ಹೊಳ್ಳೆ ಅರಳ್ತು ನಿಂದು!” ಎಂದು ಪುಟ್ಟಗೌರಿ ಬೈಯುವುದು. “ಪರೀಕ್ಷೆ ದಿನ ಯಾರಾದ್ರೂ ಪಿಟಕ್ ಅಂದ್ರೆ ನಾನೇ ಕತ್ತು ಹಿಸುಕ್ತೀನಿ. ಒಬ್ರು ಸಿಕ್ಕಿಬಿದ್ರೆ ಎಲ್ರ ಹೊಟ್ಟೆ ಮೇಲೂ ಕಲ್ಲು.” ನಾವೆಲ್ಲ ಆಣೆ ಮಾಡಿದ್ದೆವು.

ವನಮಾಲಮ್ಮನವರ ಪಕ್ಕದಲ್ಲಿ ಕೂತು ನಾನು ಕದ್ದು ಓದತೊಡಗಿದೆ. ಎಂಥ ಸುಖ ಅದು! ಅವರು ಪುಟ ತಿರುಗಿಸುವುದರೊಳಗೆ ಓದಿ ಮುಗಿಸಬೇಕು, ಮುಖ ಅಲುಗಬಾರದು. ಹೀಗೇ ತಿಂಗಳುಗಟ್ಟಲೆ ಓದಿದ ಮೇಲೆ, ಬೇಸಗೆಯ ಹೊತ್ತಿಗೆ, ಒಂದು ವಿಚಿತ್ರ ಕಂಡೆ. ಪುಟದಲ್ಲಿ ಕಥಾನಾಯಕನ ತಾಯಿ ಸಾಯುತ್ತಿದ್ದಳು, ನಾನು ಅಳು ನುಂಗಿಕೊಂಡು ಕೂತಿದ್ದೆ. ಅಮ್ಮನವರು ಕಿಸಕ್ಕನೆ ನಕ್ಕು, “ಎಷ್ಟು ತಮಾಷೆಯಾಗಿ ಬರೀತಾನೆ ಮಾರಾಯ” ಅಂದರು. ಮುಂದಿನ ಪುಟದಲ್ಲಿ ಮದುವೆಯ ಊಟ ನಡೆದಿತ್ತು, ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಪುಟ ಉದ್ದವಿರಲಿ ಗಿಡ್ಡವಿರಲಿ, ಉಸಿರು ಎಣಿಸಿದ ಹಾಗೆ ಒಂದೇ ಸಮ ತಿರುಗಿಸುತ್ತಿದ್ದರು. ಅವತ್ತು ಅವರ ಕಾಫಿ ಲೋಟವನ್ನು ಬೇಕೆಂದೇ ಒಂದು ಗೇಣು ಆಚೆ ಇಟ್ಟೆ. ಅವರ ಕೈ ಬರೀ ಮೇಜನ್ನು ತಡಕಾಡಿತು. ಅವರಿಗೆ ಕಾಣುತ್ತಿರಲಿಲ್ಲ. ಅಕ್ಷರಗಳಿಗೆ ಬೇಕಾದದ್ದು ಎರಡು ಮುಖ ತಮ್ಮ ಕಡೆ ತಿರುಗುವುದು ಮಾತ್ರವೇನೋ, ಹಾಳೆ ನನಗೆ ಎಂದಿನಂತೆ ಕಾಣುತ್ತಿತ್ತು.

ಓದು ಬಲ್ಲವರು ಓದುವ ಹಾಗೆ ನಟಿಸುತ್ತಿದ್ದರು, ಓದು ಕಲಿತ ನಾನು ಬಾರದ ಹಾಗೆ ನಟಿಸುತ್ತಿದ್ದೆ. ಇಬ್ಬರೂ ಎಂಟು ಇಂಚಿನ ದೂರದಲ್ಲಿ. ಹೇಳಿಬಿಡಲೇ ಎಂದು ಎಷ್ಟೋ ಸಲ ನಾಲಗೆ ತುದಿಗೆ ಬಂತು. ಹೇಳಿದರೆ ನನ್ನ ಗುಟ್ಟೂ ಹೊರಬೀಳುತ್ತದಲ್ಲ. ಜೊತೆಗೆ, ಅವರ ಮೇಲಿನ ಹಳೆಯ ಸಿಟ್ಟೂ ಸ್ವಲ್ಪ ಇತ್ತು, ಸುಳ್ಳು ಯಾಕೆ ಹೇಳಲಿ. “ನಿಂಗೆ ತಿಳಿಯಲ್ಲ” ಅಂದವರಲ್ಲವೇ, ಈಗ ಅವರಿಗೂ ತಿಳಿಯದಿರಲಿ ಅನ್ನಿಸುತ್ತಿತ್ತು. ಹಾಗೆ ಅನ್ನಿಸಿದ ದಿನ ನನಗೆ ಊಟ ಸೇರುತ್ತಿರಲಿಲ್ಲ.

ಪರೀಕ್ಷೆಯ ದಿನ ಬಂತು. ಹಾಲು ಕಿಕ್ಕಿರಿದಿತ್ತು, ನಮ್ಮೂರಿನವರಿಗೆ ಅದೊಂದು ಪುಕ್ಕಟೆ ನಾಟಕ. ದಸ್ತಗೀರ್ ಸಾಹೇಬರೂ ಹಿಂದಿನ ಸಾಲಿನಲ್ಲಿ ಬಂದು ಕೂತಿದ್ದರು. ವೇದಿಕೆಯ ಮೇಲೆ ಚಿದಂಬರಯ್ಯ, ಅವರ ಪಕ್ಕದ ಸ್ಟೂಲಿನಲ್ಲಿ ಅವರದೇ ಜೊತೆಗಣ್ಣು ಮುನಿವೆಂಕಟ. ಅಧಿಕಾರಿ ಬರೆಯುವಾಗಲೂ ಓದುವಾಗಲೂ ಅವನು ಹಾಳೆ ನೋಡುತ್ತಿರಬೇಕು. ಅವನೂ ನಮ್ಮ ಚಾಪೆಯವನೇ ಎಂದು ಚಿದಂಬರಯ್ಯನವರಿಗೆ ಗೊತ್ತಿರಲಿಲ್ಲ.

ಮೊದಲ ಸರದಿ ನಮ್ಮದು. ಅಮ್ಮನವರ ಕೈ ಹಿಡಿದು ಮೆಟ್ಟಿಲು ಹತ್ತಿಸಿದೆ. ಚಿದಂಬರಯ್ಯ ಹಾಳೆ ಹಿಡಿದರು. ದಪ್ಪ ಅಕ್ಷರದಲ್ಲಿ ಬರೆದಿತ್ತು: “ಅಲ್ಲಾಡಬೇಡಿ. ನಿಮ್ಮ ತಲೆಯ ಮೇಲೆ ಹಲ್ಲಿ ಕೂತಿದೆ. ಅದು ಕೆಳಗಿಳಿಯುವ ದಾರಿ ಹುಡುಕುತ್ತಿದೆ.”

ನನ್ನ ನೆತ್ತಿ ತುರಿಸಿತು. ಕುತ್ತಿಗೆಯಲ್ಲಿ ಏನೋ ಹರಿದಾಡಿದಂತಾಯಿತು. ಆದರೂ ನಾನು ಗೋಡೆಯಾಗೇ ಇದ್ದೆ. ಚಿದಂಬರಯ್ಯ ನನ್ನ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಂದು ನೋಡಿ, “ಪಾಸ್” ಅಂದರು. ಆಮೇಲೆ ಅಮ್ಮನವರ ಕಡೆ ತಿರುಗಿ, “ಓದಿ ಮೇಡಂ” ಅಂದರು.

ವನಮಾಲಮ್ಮನವರು ಗಂಟಲು ಸರಿಮಾಡಿಕೊಂಡರು. “ನಿಮ್ಮ ಮನೆಯ ಸಾರಿಗೆ ಇವತ್ತು ಉಪ್ಪು ಹಾಕಿಲ್ಲ” ಅಂದರು.

ಅದು ಹೋದ ವರ್ಷದ ಪರೀಕ್ಷೆಯಲ್ಲಿ ಅವರು ಓದಿದ್ದ ಸಾಲು.

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಚಿದಂಬರಯ್ಯ ನಕ್ಕರು. “ಮೇಡಂ, ಸರಿಯಾಗಿ ನೋಡಿ ಓದಿ. ದೊಡ್ಡದಾಗೇ ಬರ್ದಿದ್ದೀನಿ.” ಹಾಳೆಯನ್ನು ಅವರ ಮುಖದ ಹತ್ತಿರ ತಂದು ಅಲ್ಲಾಡಿಸಿದರು. ಅಮ್ಮನವರ ಕಣ್ಣು ಹಾಳೆ ಎಲ್ಲಿತ್ತೋ ಅಲ್ಲಿರಲಿಲ್ಲ. ಮುಂದಿನ ಸಾಲಿನಲ್ಲಿ ಯಾರೋ, “ಹೆಡ್‌ಮಿಸ್ಟ್ರೆಸ್ಸಿಗೇ ಓದೋಕ್ ಬರಲ್ವಂತೆ!” ಅಂದರು, ಹಾಲಿಗೆ ಹಾಲೇ ಗೊಳ್ಳೆಂದಿತು. ಅವರ ಕೈಯಿಂದ ಬೆತ್ತದ ಪೆಟ್ಟು ತಿಂದು ಅಕ್ಷರ ಕಲಿತವರೇ ನಗುತ್ತಿದ್ದರು. ಚಿದಂಬರಯ್ಯ ಪಟ್ಟಿ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದರು.

ನಾನು ಪಾಸಾಗಿದ್ದೆ. ಬಿಲ್ಲೆ ನನ್ನ ಎದೆಯ ಮೇಲೇ ಇತ್ತು. ಸುಮ್ಮನೆ ಮೆಟ್ಟಿಲಿಳಿದರೆ ನಾಳೆ ಇನ್ನೊಂದು ಮನೆ, ಇನ್ನೊಂದು ಸ್ಟೂಲು. ಅಮ್ಮನವರ ಪುಸ್ತಕಗಳು ಮಾತ್ರ ಇನ್ನು ಯಾವತ್ತೂ ತೆರೆಯುವುದಿಲ್ಲ. ಅವರ ಮುಖ ನೋಡಿದೆ. ಇಪ್ಪತ್ತೆರಡು ವರ್ಷ ಆ ಮುಖದ ಪಕ್ಕ ಕೂತಿದ್ದೇನೆ, ಅದು ಹೆದರಿದ್ದನ್ನು ನಾನು ಕಂಡಿದ್ದು ಅವತ್ತೇ. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ.

“ಅಲ್ಲಾಡಬೇಡಿ!” ಎಂದು ಕೂಗಿದೆ.

ಚಿದಂಬರಯ್ಯನ ಪೆನ್ನು ನಿಂತಿತು.

“ನಿಮ್ಮ ತಲೆಯ ಮೇಲೆ ಹಲ್ಲಿ ಕೂತಿದೆ. ಅದು ಕೆಳಗಿಳಿಯುವ ದಾರಿ ಹುಡುಕುತ್ತಿದೆ. ಇದೇ ತಾನೇ ಬರ್ದಿರೋದು? ‘ಹುಡುಕುತ್ತಿದೆ’ ಆದ್ಮೇಲೆ ಚುಕ್ಕಿನೂ ಇಟ್ಟಿದ್ದೀರಿ. ಅಮ್ಮಾವ್ರ ಕಣ್ಣು ಮಂಜಾಗಿದೆ ಸ್ವಾಮಿ, ನಗೋರೆಲ್ಲ ನಕ್ಕೊಳ್ಳಿ. ಇನ್ಮೇಲೆ ಅವರ ಓದು ನಾನು.” ಎಂದು ಬಿಲ್ಲೆಯನ್ನು ನಾನೇ ಬಿಚ್ಚಿ ಮೇಜಿನ ಮೇಲಿಟ್ಟೆ.

ಅಮ್ಮನವರು ನನ್ನ ಕಡೆ ತಿರುಗಿದರು. “ಯಾವಾಗ ಕಲ್ತೆ?” ಅಂದರು.

“ಒಂದು ವರ್ಷ ಆಯ್ತಮ್ಮ. ದಸ್ತಗೀರ್ ಸಾಹೇಬ್ರ ಬೆಂಚಿನಲ್ಲಿ.”

“ಹಾಗಾದ್ರೆ ನಾನು ತಮಾಷೆ ಅಂತ ನಕ್ಕ ಆ ಪುಟದಲ್ಲಿ...”

“ನಾಯಕನ ತಾಯಿ ಸಾಯ್ತಿದ್ಲು.”

ಅವರು ಮುಖ ಮುಚ್ಚಿಕೊಂಡರು. ಅಳುತ್ತಾರೆ ಅಂದುಕೊಂಡೆ, ಭುಜ ಕುಣಿಯುತ್ತಿತ್ತು. ನಗುತ್ತಿದ್ದರು, ಕಣ್ಣಲ್ಲಿ ನೀರೂ ಇತ್ತು. ಆಮೇಲೆ ಶಾಲೆಯ ಪ್ರಾರ್ಥನೆಯಲ್ಲಿ ಮಾತಾಡುತ್ತಿದ್ದ ದನಿಯಲ್ಲಿ ಹಾಲಿಗೆಲ್ಲ ಕೇಳುವಂತೆ ಹೇಳಿದರು: “ಅರ್ಧ ಊರಿಗೆ ಕಲಿಸಿದೆ. ಪಕ್ಕದಲ್ಲಿ ಕೂತೋಳಿಗೆ ಕಲಿಸ್ಲಿಲ್ಲ. ಹೆಸರು ಹೊಡೆದು ಹಾಕಿ ಚಿದಂಬರಯ್ಯ, ನಂಗೆ ನಿಮ್ಮ ಪಟ್ಟಿ ಬೇಡ. ದ್ಯಾವಮ್ಮ, ನಾಳೆ ಎಂಟು ಗಂಟೆಗೆ ಬಾ. ಗಟ್ಟಿಯಾಗಿ ಓದಬೇಕು.”

ಚಿದಂಬರಯ್ಯನವರಿಗೆ ಬೆವರು. “ಶಿಸ್ತು! ಶಿಸ್ತು! ಮುಂದಿನವರು ಬನ್ನಿ” ಎಂದು ಕಿರುಚಿದರು. ಮುಂದಿನವಳು ಪುಟ್ಟಗೌರಿ, ಪಕ್ಕದಲ್ಲಿ ಅವಳ ವಕೀಲರು. ಮೆಟ್ಟಿಲು ಹತ್ತುವಾಗ ಅವಳು ನನ್ನನ್ನು ಒಂದು ನೋಟ ನೋಡಿದಳು, ಕತ್ತು ಹಿಸುಕುತ್ತೇನೆ ಅಂದವಳು. ನಾನು ಕಣ್ಣು ತಗ್ಗಿಸಿದೆ. ಹಾಳೆ ಮೇಲೆದ್ದಿತು. ಪುಟ್ಟಗೌರಿ ಸೊಂಟದ ಮೇಲೆ ಕೈ ಇಟ್ಟುಕೊಂಡು, ತರಕಾರಿ ಮಾರುವವರ ಗಂಟಲಲ್ಲಿ ಓದಿದಳು: “ನಿಮ್ಮ ಪಕ್ಕದಲ್ಲಿ ಕೂತವರು ಪಂಚೆಯನ್ನು ತಿರುಗುಮುರುಗಾಗಿ ಉಟ್ಟಿದ್ದಾರೆ.”

ವಕೀಲರು ತಕ್ಷಣ ಪಂಚೆ ನೋಡಿಕೊಂಡರು. ಹಾಲು ಬಿದ್ದುಬಿದ್ದು ನಕ್ಕಿತು. ಆಮೇಲೆ ಅವರಿಗೆ ವಿಷಯ ತಲೆಗೆ ಹೋಯಿತು, ಈ ಒಂದು ವರ್ಷ ಅವಳ ಎದುರಿಗೆ ಏನೇನು ಕಡತ ಬಿಚ್ಚಿಟ್ಟಿದ್ದೆ ಎಂಬುದು. ಅವರ ಮುಖ ಬಿಳಿಚಿಕೊಂಡಿತು. “ಹೆದರ್ಬೇಡಿ ಸ್ವಾಮಿ” ಅಂದಳು ಪುಟ್ಟಗೌರಿ, ಬಿಲ್ಲೆ ಬಿಚ್ಚುತ್ತಾ. “ಓದೋದು ಕಲ್ತಿದ್ದೀನಿ, ಚಾಡಿ ಹೇಳೋದು ಕಲ್ತಿಲ್ಲ.”

ಆಮೇಲೆ ಯಾರನ್ನೂ ಕರೆಯಬೇಕಾಗಲಿಲ್ಲ, ಅವರವರೇ ಸಾಲಾಗಿ ಬಂದರು. ಕೆಲವರು ನೀರು ಕುಡಿದ ಹಾಗೆ ಓದಿದರು, ಕೆಲವರು ಕೂಡಿಸಿ ಕೂಡಿಸಿ ಓದಿದರು, ಮೇಜಿನ ಮೇಲೆ ಬಿಲ್ಲೆಗಳು ಟಣ್ ಟಣ್ ಎಂದು ಬಿದ್ದವು. ತಹಸೀಲ್ದಾರರ ಹೆಂಡತಿ ಕುರ್ಚಿಯ ಮೇಲೆ ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಯಜಮಾನರುಗಳಲ್ಲಿ ಒಬ್ಬಿಬ್ಬರು ಎದ್ದು ಹೋಗುತ್ತೇವೆ ಅಂದರು, ಹೋಗಿ ಏನು ಮಾಡುವುದು, ಓದು ಬಾರದ ಜೊತೆಗಣ್ಣು ಊರಿನಲ್ಲಿ ಇನ್ನೊಂದಿಲ್ಲವಲ್ಲ, ಮತ್ತೆ ಕೂತರು. ಚಿಕ್ಕಣ್ಣನ ಸರದಿ ಬಂತು. ಅವನಿಗೆ ಬೇಕಿದ್ದರೆ ನಿಜವಾಗಿಯೂ ಪಾಸಾಗಬಹುದಿತ್ತು. ಅವನು ಹಾಳೆಯನ್ನು ಚಿದಂಬರಯ್ಯನ ಕೈಯಿಂದ ತಾನೇ ತೆಗೆದುಕೊಂಡು, ಬೆರಳಿಟ್ಟು ಹುಡುಕಿ ಹುಡುಕಿ, “ಇದು ಮ. ಇಲ್ಲೊಂದು ಮ. ಇದು ರ. ಇದು ನಮ್ಮಪ್ಪನ ಹೆಸರಿಂದು, ತ” ಎಂದು ತನ್ನ ಆರಕ್ಷರವನ್ನೂ ಪತ್ತೆ ಮಾಡಿ ತೋರಿಸಿ, ಬಿಲ್ಲೆಯನ್ನು ಎಲ್ಲರಿಗಿಂತ ಜೋರಾಗಿ ಕುಕ್ಕಿದ. ದಸ್ತಗೀರ್ ಸಾಹೇಬರು ಹಿಂದಿನ ಸಾಲಿನಲ್ಲಿ ಎದ್ದು ನಿಂತು ಟೋಪಿ ತೆಗೆದು ಮುಖ ಒರೆಸಿಕೊಂಡರು.

ಕೊನೆಗೆ ಚಿದಂಬರಯ್ಯ ಕುಸಿದು ಕೂತರು. ಆದರೂ ಅಧಿಕಾರಿ ಅಧಿಕಾರಿಯೇ, ವರದಿ ಬರೆಯಬೇಕು. ಎಂದಿನ ಅಭ್ಯಾಸದಂತೆ ಪಕ್ಕಕ್ಕೆ ನೋಡದೆಯೇ, “ಕಣ್ಣು ಹಾಕೋ ಮುನಿವೆಂಕಟ” ಅಂದರು. ಮುನಿವೆಂಕಟ ಕಣ್ಣು ಹಾಕಿದ. ಅಕ್ಷರ ಮೂಡಿದವು. ಚಿದಂಬರಯ್ಯ ತುಟಿ ಬಿಗಿದುಕೊಂಡು ಬರೆದು ಮುಗಿಸಿದರು.

ಮುನಿವೆಂಕಟ ಸ್ಟೂಲಿನಿಂದ ಎದ್ದು ನಿಂತ. ತನ್ನ ಬಿಲ್ಲೆಯನ್ನು ರಾಶಿಯ ಮೇಲಿಟ್ಟ. ಹಾಳೆಯಿಂದ ಕಣ್ಣು ತೆಗೆಯದೆ, ಇಡೀ ಹಾಲಿಗೆ ಕೇಳುವಂತೆ ಓದಿದ: “ಈ ವರ್ಷ ಪರೀಕ್ಷೆಗೆ ಹಾಜರಾದವರು ನಲವತ್ತು. ಅನುತ್ತೀರ್ಣರಾದವರು ನಲವತ್ತು.” ಒಂದು ಸಲ ನಿಂತು, “ನಲವತ್ತೊಂದು ಅಂತ ತಿದ್ಕೊಳ್ಳಿ ಸ್ವಾಮಿ” ಎಂದ. ಚಿದಂಬರಯ್ಯ ಬಾಯಿ ಬಿಟ್ಟುಕೊಂಡೇ ತಿದ್ದಿದರು. ಮುನಿವೆಂಕಟ ಕೊನೆಯ ಸಾಲಿಗೆ ಬಂದ: “ಕಾರಣ: ಓದು ಬರುತ್ತದೆ.”

“ಏನಂದ?” ಎಂದು ವನಮಾಲಮ್ಮನವರು ನನ್ನ ತೋಳು ಹಿಡಿದರು. ಅವರಿಗೆ ಚೆನ್ನಾಗಿಯೇ ಕೇಳಿಸಿತ್ತು, ನನಗೆ ಗೊತ್ತು. “ಎಲ್ರೂ ಸೇರಿ ಇನ್ನೊಂದು ಸಲ ಓದಿ” ಅಂದರು.

ನಾವು ಮೇಜಿನ ಸುತ್ತ ನಿಂತೆವು, ಎಂಬತ್ತೆರಡು ಕಣ್ಣು ಒಂದೇ ಹಾಳೆಯ ಮೇಲೆ. ನಮ್ಮೂರಿನಲ್ಲಿ ಅಕ್ಷರ ಅಷ್ಟು ಕಪ್ಪಾಗಿ ಮೂಡಿದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ನಾವು ಆ ಸಾಲನ್ನು ಒಟ್ಟಿಗೆ ಓದಿದೆವು.